ಕಿತ್ತಿಡಲಾಗದ ಪ್ಲಗ್

ಪದ್ಮಾ ಕರೆಂಟಿನ ಬಗ್ಗೆ ಕಲಿತದ್ದೆಲ್ಲ ಸುಟ್ಟುಹೋದ ಸಾಮಾನುಗಳಿಂದಲೇ. ಮದುವೆಯಾಗಿ ತಿಪಟೂರಿನಿಂದ ದೆಹಲಿಗೆ ಬಂದ ಮೂರನೆಯ ವರ್ಷ, ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದಾಗ, ಮೊದಲ ಟಿ.ವಿ. ಹೋಯಿತು. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತಿದ್ದಳು, ಆದರೆ ತಾರಸಿಯ ಆಂಟೆನಾದಿಂದ ಇಳಿದು ಟಿ.ವಿ.ಯ ಬೆನ್ನಿಗೆ ಚುಚ್ಚಿಕೊಂಡಿದ್ದ ತಂತಿಯನ್ನು ಮರೆತಿದ್ದಳು. ಸಿಡಿಲಿಗೆ ಯಾವ ದಾರಿಯಾದರೇನು. ಆಮೇಲೆ ಫ್ರಿಜ್ಜು ಹೋಯಿತು. ಹೋದ ಕರೆಂಟು ಮರಳಿ ಬಂದಾಗ ಮೊದಲ ಐದು ನಿಮಿಷ ಅದನ್ನು ನಂಬಬಾರದು, ಹೆಣ್ಣು ನೋಡಲು ಬಂದವರ ಮಾತನ್ನು ಕೇಳುವ ಹಾಗೆ ಸುಮ್ಮನೆ ಕೇಳಿಸಿಕೊಂಡು ಕೂತಿರಬೇಕು ಎಂದು ಆಗ ತಿಳಿಯಿತು. ಮಗಳು ಲಾವಣ್ಯಾಳ ಕಂಪ್ಯೂಟರು ಸುಟ್ಟಾಗ, ಅಂಗಡಿಯವನು ಸ್ಪೈಕ್ ಗಾರ್ಡ್ ಎಂದು ಮಾರಿದ್ದ ಪ್ಲಗ್ ಪಟ್ಟಿಯನ್ನೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿ ನೋಡಿದಳು. ಒಳಗೆ ಒಂದು ಕೆಂಪು ದೀಪ ಬಿಟ್ಟರೆ ಕಾಯುವಂಥದ್ದು ಏನೂ ಇರಲಿಲ್ಲ.

ಇಷ್ಟೂ ನಷ್ಟದ ಕೊನೆಗೆ ಅವಳ ಕೈಲಿ ಉಳಿದ ಪಾಠ ಒಂದೇ. ಕಿತ್ತಿಟ್ಟದ್ದು ಮಾತ್ರ ನಮ್ಮದು. ಕರೆಂಟು ಒಮ್ಮೆ ಮಿಣುಕಿದರೆ ಸಾಕು, ಪದ್ಮಾ ಕೈಲಿದ್ದ ಸೌಟನ್ನು ಅಲ್ಲೇ ಬಿಟ್ಟು ಕೋಣೆಯಿಂದ ಕೋಣೆಗೆ ಹೋಗಿ ಪ್ಲಗ್ ಕಿತ್ತು ಬರುವಳು. ಊರಿಗೆ ಹೊರಟರೆ ಮೈನ್ ಆರಿಸಿ, ಮತ್ತೆ ಮೆಟ್ಟಿಲು ಹತ್ತಿ ಬಂದು ಆರಿಸಿದ್ದನ್ನು ಮುಟ್ಟಿ ನೋಡುವಳು. ಗಂಡ ದಕ್ಷಿಣಾಮೂರ್ತಿಯವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಫೈಲು ನೋಡಿ ನಿವೃತ್ತರಾದವರು. ಬಂದವರ ಮುಂದೆಲ್ಲ ಅವರದೊಂದು ಮಾತು: "ನಮ್ಮ ಮನೇಲಿ ಯಾವ ಪ್ಲಗ್ಗಿಗೂ ಪರ್ಮನೆಂಟ್ ಪೋಸ್ಟ್ ಇಲ್ಲ. ಎಲ್ಲಾ ದಿನಗೂಲಿ."

ಆ ಮನೆಯಲ್ಲಿ ಪರ್ಮನೆಂಟ್ ಪೋಸ್ಟ್ ಸಿಕ್ಕ ಮೊದಲ ಪ್ಲಗ್ ಆಕ್ಸಿಜನ್ ಮೆಷಿನ್ನಿನದು. ದೆಹಲಿಯ ಹೊಗೆ ಮೂರ್ತಿಯವರ ಶ್ವಾಸಕೋಶದಲ್ಲಿ ಯಾವಾಗ ಮನೆಮಾಡಿತೋ ಗೊತ್ತಿಲ್ಲ, ಹೋದ ಚಳಿಗಾಲದ ಮೊದಲಲ್ಲೇ ಬಾಡಿಗೆ ಕೇಳಲು ಬಂದಂತೆ ಬಂದು ಎದೆ ಹಿಡಿಯಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, ದಿನಕ್ಕೆ ಹದಿನಾರು ಗಂಟೆ ಮೆಷಿನ್ ಹಾಕಬೇಕು ಎಂದರು. ಮೊಣಕಾಲೆತ್ತರದ ಪೆಟ್ಟಿಗೆ ಅದು, ಅಡಿಯಲ್ಲಿ ಚಕ್ರ. ಗಾಳಿಯನ್ನು ಒಳಗೆಳೆದು, ಸೋಸಿ, ಮೂಗಿನ ಕೊಳವೆಗೆ ಆಮ್ಲಜನಕ ಕಳಿಸುವ ಯಂತ್ರ. ಮನೆಗೆ ಬಂದ ದಿನ ಪದ್ಮಾ ಅದರ ಪ್ಲಗ್ಗನ್ನು ಕೈಲಿ ಹಿಡಿದು ಬಹಳ ಹೊತ್ತು ನೋಡಿದ್ದಳು. ತಾನು ಜೀವಮಾನದಲ್ಲಿ ಕಲಿತ ಒಂದೇ ಪಾಠ ಇದಕ್ಕೆ ಉಪಯೋಗಕ್ಕೆ ಬಾರದು ಎಂದು ಅವಳಿಗೆ ಅಂದೇ ಗೊತ್ತಾಯಿತು.

ಹಾಗಂತ ಕೈಕಟ್ಟಿ ಕೂರುವವಳಲ್ಲ. ಮೆಷಿನ್ನಿಗೆಂದೇ ಬೇರೆ ಸ್ಟೆಬಿಲೈಸರ್ ತರಿಸಿದಳು. ಕರೆಂಟು ಹೋದರೆ ಇರಲಿ ಎಂದು ಇನ್ವರ್ಟರಿಗೆ ದೊಡ್ಡ ಬ್ಯಾಟರಿ ಹಾಕಿಸಿದಳು. ಅದೂ ಕೈಕೊಟ್ಟರೆ ಎಂದು ಒಂದು ಚಿಕ್ಕ ಸಿಲಿಂಡರ್ ಮಂಚದ ತಲೆದೆಸೆಗೆ ನಿಂತಿತು. ಸಿಡಿಲಿನ ಹೊಡೆತ ತಡೆಯುವ ಡಬ್ಬಿಯೊಂದನ್ನು ಮೈನ್ ಬೋರ್ಡಿನಲ್ಲೇ ಕೂರಿಸಬಹುದು ಎಂದು ಸೆಕ್ಟರಿನ ಎಲೆಕ್ಟ್ರಿಷಿಯನ್ ಹೇಳಿದ. ಆದರೆ ಅದಕ್ಕೆ ಸರಿಯಾದ ಅರ್ಥಿಂಗ್ ಬೇಕು, ಈ ಮನೆಯ ಅರ್ಥಿಂಗ್ ಹೆಸರಿಗಷ್ಟೇ ಇದೆ, ಕೆಳಗೆ ನೆಲದಲ್ಲಿ ಆಳಕ್ಕೆ ಗುಂಡಿ ತೋಡಬೇಕು ಎಂದ. ನಿವೃತ್ತಿಯ ಮೇಲೆ ಬಂದು ನೆಲೆಸಿದ, ದೆಹಲಿಯ ಪಕ್ಕದ ಫರೀದಾಬಾದಿನ ಆ ಮೂರಂತಸ್ತಿನ ಕಟ್ಟಡದಲ್ಲಿ ಇವರದು ಮೇಲಿನದು. ಮೇಲಿನವರಿಗೆ ಆಕಾಶ ಉಂಟು, ನೆಲವಿಲ್ಲ. ನೆಲ ಕೆಳಗಿನ ಮನೆಯ ಖುರಾನಾ ಅವರದು, ಅವರು ಮುಂದಿನ ಅಂಗಳಕ್ಕೆ ಆಗಷ್ಟೇ ಹೊಸ ಅಮೃತಶಿಲೆ ಹಾಸಿದ್ದರು. ಒಳ್ಳೆಯ ಮನುಷ್ಯ, ಇಲ್ಲ ಎನ್ನಲಿಲ್ಲ. ದೀಪಾವಳಿ ಕಳೆಯಲಿ ಭಾಭೀಜಿ, ನೋಡೋಣ ಎಂದರು. ಮೂರು ತಿಂಗಳಲ್ಲಿ ಪದ್ಮಾ ನಾಲ್ಕು ಸಲ ಕೇಳಿದಳು. ಐದನೆಯ ಸಲ ಕೇಳಲು ಅವಳಿಗೇ ನಾಚಿಕೆಯಾಯಿತು.

ಇನ್ನೊಂದು ಬದಲಾವಣೆಯೂ ಆಯಿತು. ಆಕ್ಸಿಜನ್ ಹರಿಯುವ ಮನೆಯಲ್ಲಿ ಬೆಂಕಿ ಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅಡುಗೆಮನೆಯ ಬಾಗಿಲು ಸದಾ ಮುಚ್ಚಿತು, ಊದುಬತ್ತಿ ನಿಂತಿತು, ದೇವರ ಮುಂದಿನ ಎಣ್ಣೆದೀಪವೂ ಆರಿತು. ಅತ್ತೆ ಕೊಟ್ಟ ಹಿತ್ತಾಳೆಯ ದೀಪವನ್ನು ತೊಳೆದು ಕಪಾಟಿನಲ್ಲಿಟ್ಟು, ಅದರ ಜಾಗದಲ್ಲಿ ಓಲ್ಡ್ ಮಾರ್ಕೆಟ್ಟಿನಿಂದ ತಂದ ಕರೆಂಟಿನ ದೀಪವಿಟ್ಟಳು. ಪ್ಲಾಸ್ಟಿಕ್ಕಿನ ಹಣತೆ, ಅದರಲ್ಲಿ ಹೆಬ್ಬೆರಳಿನಷ್ಟು ಕೆಂಪು ಬಲ್ಬು. ಮಂಕಾಗಿ, ಜ್ವರ ಬಂದ ಕಣ್ಣಿನ ಹಾಗೆ ಉರಿಯುತ್ತಿತ್ತು. ದಿನಾ ಬೆಳಿಗ್ಗೆ ಸ್ವಿಚ್ ಹಾಕಿ ಕೈ ಮುಗಿಯುವಾಗ ಪದ್ಮಾಗೆ ದೇವರನ್ನು ಮೋಸಮಾಡಿದಂತೆ ಅನ್ನಿಸುತ್ತಿತ್ತು. ಎಂಟು ತಿಂಗಳಾದರೂ ಅದು ಅಭ್ಯಾಸವಾಗಲಿಲ್ಲ.

ಆ ಮಂಗಳವಾರ ಜೂನ್ ತಿಂಗಳ ನಡುವಿನದು. ಬೆಳಿಗ್ಗೆ ಒಂಬತ್ತಕ್ಕೇ ಬೀಸುಗಾಳಿ ಒಲೆಯ ಬಾಯಿಂದ ಬಂದಂತಿತ್ತು. ಖುರಾನಾ ಅವರ ಮೊಮ್ಮಗ ಯಾವುದೋ ಪರೀಕ್ಷೆ ಗೆದ್ದ ಹರಕೆಗೆ ಗಲ್ಲಿಯಲ್ಲಿ ಮಾತಾ ಕೀ ಚೌಕಿ ಇಟ್ಟುಕೊಂಡಿದ್ದರು. ಎಂದರೆ ದೇವಿಯ ಪಟವಿಟ್ಟು ಮಧ್ಯಾಹ್ನದವರೆಗೆ ಭಜನೆ, ಆಮೇಲೆ ಊಟ. ಗಲ್ಲಿಯ ಈ ತುದಿಯಿಂದ ಆ ತುದಿಗೆ ಕೆಂಪು ಬಟ್ಟೆಯ ಟೆಂಟು ಎದ್ದಿತು. ನಾಲ್ಕು ದೊಡ್ಡ ಕೂಲರುಗಳು, ಆಳೆತ್ತರದ ಸ್ಪೀಕರುಗಳು ಬಂದವು. ಟೆಂಟಿನವನು ಮೇಲೆ ಹತ್ತಿ ಬಂದು, ಖುರಾನಾ ಸಾಹೇಬರ ಮೀಟರು ಅವರ ಎರಡು ಏಸಿಗೇ ಸುಸ್ತಾಗಿದೆ, ನಿಮ್ಮ ಮನೆಯಿಂದ ಒಂದು ಲೈನ್ ಎಳೆಯಲೇ ಎಂದು ಕೇಳಿದ. ಹಿಂದೆಯೇ ಖುರಾನಾ ಅವರೂ ಬಂದು ಬಾಗಿಲಲ್ಲಿ ನಿಂತಿದ್ದರು.

ಪದ್ಮಾ ಒಳಗೆ ಗುಂಯ್‌ಗುಡುತ್ತಿದ್ದ ಮೆಷಿನ್ನಿನ ಕಡೆ ಕೈ ತೋರಿಸಿ, ಈ ಲೈನಿನ ಮೇಲೆ ಬೇರೆ ಏನೂ ಭಾರ ಹಾಕಲಾರೆ, ತಪ್ಪು ತಿಳಿಯಬೇಡಿ ಎಂದಳು. ಖುರಾನಾ ನಾಲಿಗೆ ಕಚ್ಚಿಕೊಂಡು, ತಾನು ಕೇಳಿದ್ದೇ ತಪ್ಪು ಎಂದು ಇಳಿದುಹೋದರು. ನಡುವಿನ ಮನೆಗೆ ಬೀಗ ಬಿದ್ದಿತ್ತು. ಸ್ವಲ್ಪ ಹೊತ್ತಿನಲ್ಲಿ ಪದ್ಮಾ ಬಾಲ್ಕನಿಯಿಂದ ನೋಡುತ್ತಿದ್ದಂತೆ ಟೆಂಟಿನವನು ಬಿದಿರಿನ ಕೋಲಿನ ತುದಿಗೆ ತಂತಿಯ ಕೊಕ್ಕೆ ಕಟ್ಟಿ ಬೀದಿಕಂಬದ ತಂತಿಗೇ ಸಿಕ್ಕಿಸಿದ. ಆ ಕಡೆಯವರು ಅದಕ್ಕೆ ಕಟಿಯಾ ಎನ್ನುತ್ತಾರೆ. ಅಲ್ಲಿ ಮದುವೆಗೂ ಅದೇ, ಮಾತೆಗೂ ಅದೇ. ಕೊಕ್ಕೆ ಬಿದ್ದಾಗ ಕಂಬದ ತುದಿಯಲ್ಲಿ ಚಿಟ್ಟನೆ ಒಂದು ಕಿಡಿ ಹಾರಿತು. ಪದ್ಮಾ ಕೆಳಗೆ ಕೂಗಿ, ಭಯ್ಯಾ, ಅಲ್ಲಿಂದ ಬೇಡ ಎಂದಳು. ಅವನು ತಲೆಯೆತ್ತಿ ನಕ್ಕು ಕೈ ಮುಗಿದ. ಮಾತೆಯ ಕೆಲಸ, ಮಾತೆಯೇ ನೋಡಿಕೊಳ್ಳುತ್ತಾಳೆ ಎಂಬ ಅರ್ಥದಲ್ಲಿ.

ಹನ್ನೆರಡಾಗುತ್ತ ಬಂದಿತ್ತು. ಪದ್ಮಾ ಗಂಜಿಯ ಬಟ್ಟಲು ಹಿಡಿದು ಮೂರ್ತಿಯವರ ಕೋಣೆಯ ಬಾಗಿಲಿಗೆ ಬಂದಳು. ಹಿಂದಿನ ದಿನವಷ್ಟೇ ಡಾಕ್ಟರು ಅವರನ್ನು ನೋಡಿ, ಸುಧಾರಿಸಿದ್ದಾರೆ, ಹೀಗೇ ನಡೆದರೆ ಮಳೆ ಬೀಳುವ ಹೊತ್ತಿಗೆ ಮೆಷಿನ್ನನ್ನು ಹನ್ನೆರಡು ಗಂಟೆಗೆ ಇಳಿಸೋಣ ಎಂದಿದ್ದರು. ಆ ಮಾತು ರಾತ್ರಿಯಿಡೀ ಅವಳ ಎದೆಯಲ್ಲಿ ಬೆಲ್ಲದ ಚೂರಿನ ಹಾಗೆ ಕರಗುತ್ತಿತ್ತು. ಕೆಳಗೆ ಢೋಲಕ್ಕಿನ ಲಯ ಏರಿತ್ತು, ಹೆಂಗಸರ ಚಪ್ಪಾಳೆ ಗೋಡೆ ದಾಟಿ ಬರುತ್ತಿತ್ತು. ಆಗ ಹಾಲಿನ ಮೂಲೆಯಲ್ಲಿದ್ದ ದೇವರ ಗೂಡಿನಲ್ಲಿ ಬೆಳಕಾಯಿತು.

ಎಂಟು ತಿಂಗಳು ಜ್ವರದ ಕಣ್ಣಿನ ಹಾಗಿದ್ದ ಆ ಕೆಂಪು ಬಲ್ಬು ಕಿತ್ತಳೆಯಾಯಿತು, ಹಳದಿಯಾಯಿತು, ಆಮೇಲೆ ತುಪ್ಪದ ದೀಪದ ಬಣ್ಣಕ್ಕೆ ತಿರುಗಿ ಗೂಡನ್ನೆಲ್ಲ ತುಂಬಿತು. ದೇವರ ಪಟದ ಕಣ್ಣು, ಹಣೆಯ ಕುಂಕುಮ, ಬೆಳ್ಳಿಯ ಪುಟ್ಟ ಕಳಶ ಎಲ್ಲವೂ ಹಬ್ಬದ ದಿನದಂತೆ ಹೊಳೆದವು. ಪದ್ಮಾ ಬಟ್ಟಲನ್ನು ಸ್ಟೂಲಿನ ಮೇಲಿಟ್ಟು ಕೈ ಮುಗಿದಳು.

ಅವಳೇ ಕೈಯಾರೆ ಬರೆದು ಬಾಗಿಲ ಹಿಂದೆ ಅಂಟಿಸಿದ ಚೀಟಿ ಅಲ್ಲೇ, ಕಣ್ಣಳತೆಯಲ್ಲಿ ಇತ್ತು. ಕೆಲಸದವಳಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ಬರೆದದ್ದು: ದೀಪ ದಿಢೀರನೆ ಜಾಸ್ತಿಯಾದರೆ ಮೊದಲು ಮೈನ್ ಆರಿಸಿ. ದೀಪ ಜಾಸ್ತಿಯಾದರೆ ಏನರ್ಥ ಎಂದು ಈ ಮೂವತ್ತಾರು ವರ್ಷಗಳಲ್ಲಿ ಅವಳು ಎಷ್ಟು ಜನಕ್ಕೆ ಪಾಠ ಹೇಳಿಲ್ಲ. ಆದರೂ ಐದಾರು ಕ್ಷಣ ಅವಳು ಕಣ್ಣು ಮುಚ್ಚಿ ನಿಂತಳು. ತಲೆಯ ಮೇಲಿನ ಫ್ಯಾನು ಹುಚ್ಚೆದ್ದು ತಿರುಗಲು ಹತ್ತಿದ ಸದ್ದು ಕಿವಿಗೆ ಬಿದ್ದಾಗಲೇ ಕಣ್ಣು ತೆರೆದದ್ದು. ಮೈನ್ ಇರುವ ಗೋಡೆಗೆ ಅವಳು ಓಡುವಷ್ಟರಲ್ಲಿ ಕೋಣೆಯಲ್ಲಿ ಟಪ್ಪೆಂದಿತು. ಸ್ಟೆಬಿಲೈಸರಿನ ಕಿಂಡಿಯಿಂದ ಬಿಳಿ ಹೊಗೆ ಬಂತು. ಮೆಷಿನ್ನು ಒಂದೇ ಸ್ವರದಲ್ಲಿ ಉದ್ದಕ್ಕೆ ಕೂಗಿ, ಆ ಕೂಗೂ ನಿಂತಿತು. ಹಾಲಿನಲ್ಲಿ ಇನ್ವರ್ಟರು, ಅಡುಗೆಮನೆಯಲ್ಲಿ ಫ್ರಿಜ್ಜು ಒಂದರ ಹಿಂದೊಂದು ಸಿಡಿದದ್ದು ಮೈನ್ ಆರಿಸುತ್ತಿರುವಾಗ ಕೇಳಿಸಿತು. ದೇವರ ಗೂಡು ಕತ್ತಲಾಗಿತ್ತು.

ಹೊಗೆಯಾಡುತ್ತಿದ್ದ ಸ್ಟೆಬಿಲೈಸರನ್ನೂ ಮೆಷಿನ್ನನ್ನೂ ಪ್ಲಗ್ ಸಮೇತ ಹೊರಗೆಳೆದು ಹಾಕಿದಳು. ಮೂಗಿನ ಕೊಳವೆಯನ್ನು ಸಿಲಿಂಡರಿಗೆ ಸಿಕ್ಕಿಸಿ ತಿರುಪು ತಿರುಗಿಸಿದಳು. ರಕ್ತದ ಆಮ್ಲಜನಕ ಅಳೆಯಲು ಬೆರಳಿಗೆ ಸಿಕ್ಕಿಸುವ ಮೀಟರು ಎಂಬತ್ತಾರು ತೋರಿಸಿ, ಎಂಬತ್ತೈದಕ್ಕಿಳಿದು, ನಿಧಾನಕ್ಕೆ ಎಂಬತ್ತೊಂಬತ್ತಕ್ಕೆ ಹತ್ತಿತು. ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಹೋದ ತಿಂಗಳು ಕರೆಂಟಿಲ್ಲದ ಸಂಜೆಯೊಂದರಲ್ಲಿ ಬಳಸಿದ್ದು, ತುಂಬಿಸಿಕೊಂಡು ಬರೋಣ ನಾಳೆ ಎಂದು ಇಟ್ಟದ್ದು. ಇನ್ನು ಹೆಚ್ಚೆಂದರೆ ಎರಡು ಗಂಟೆ.

ಆಮೇಲಿನದೆಲ್ಲ ಫೋನಿನ ಕೆಲಸ. ಡಾಕ್ಟರು, ಎಂಬತ್ತೆಂಟರ ಕೆಳಗಿಳಿದರೆ ತಡಮಾಡದೆ ಕರೆತನ್ನಿ, ಅಲ್ಲಿಯವರೆಗೆ ಈ ಬಿಸಿಲಲ್ಲಿ ಎರಡು ಮಹಡಿ ಇಳಿಸಬೇಡಿ ಎಂದರು. ಮೆಷಿನ್ ಕೊಟ್ಟ ಅಂಗಡಿಯವನು ಬದಲಿ ನಾಳೆ ಬೆಳಿಗ್ಗೆ ಎಂದ. ಸಿಲಿಂಡರ್ ತುಂಬಿಸುವವನ ಹುಡುಗರು ಗುರುಗ್ರಾಮಕ್ಕೆ ಹೋಗಿದ್ದರು. ಆಂಬುಲೆನ್ಸಿನವರು ನಲವತ್ತು ನಿಮಿಷ ಎಂದರು, ಗಲ್ಲಿಯಲ್ಲಿ ಟೆಂಟಿದೆ ಎಂದಾಗ, ಹಾಗಾದರೆ ಟೆಂಟು ತೆಗೆಸಿ ಫೋನ್ ಮಾಡಿ ಎಂದರು. ಕರೆಂಟಿನ ಕಂಪ್ಲೇಂಟ್ ನಂಬರಿನಲ್ಲಿ ಒಬ್ಬ ಹೆಣ್ಣುಮಗಳು ಇಂಪಾದ ಹಿಂದಿಯಲ್ಲಿ ಒಂದು ಒತ್ತಿ, ಎರಡು ಒತ್ತಿ ಎಂದು ಹೇಳುತ್ತಲೇ ಇದ್ದಳು. ಗುರುಗ್ರಾಮದ ಆಫೀಸಿನಲ್ಲಿದ್ದ ಲಾವಣ್ಯಾ ಎರಡನೆಯ ರಿಂಗಿಗೇ ಎತ್ತಿದಳು.

"ಅಮ್ಮ, ನಾನು ನಿಕಲ್ ರಹೀ ಹೂಂ. ಪಪ್ಪಂಗೆ ಮಾತಾಡಬೇಡಿ ಅಂತ ಹೇಳು, ಬಸ್. ಕನ್ನಡ ಸಂಘದ ಗ್ರೂಪಲ್ಲಿ ಹಾಕ್ತೀನಿ, ಸಮ್‌ಬಡಿ ವಿಲ್ ಹ್ಯಾವ್ ಒನ್."

ಹುಡುಗಿಯ ಕನ್ನಡ ಮೂರು ಭಾಷೆಯ ಕಲಸನ್ನವಾದರೂ ಬುದ್ಧಿ ನೆಟ್ಟಗಿತ್ತು. ಹತ್ತು ನಿಮಿಷದಲ್ಲಿ ಸೋಮಶೇಖರ ಫೋನ್ ಮಾಡಿದ. ಗ್ರೇಟರ್ ನೋಯ್ಡಾದಲ್ಲಿರುವ ಅವನು ಸಂಘದ ಸಾಮಾನು ಕಾಯುವವನು. ಕೊರೋನಾ ಕಾಲದಲ್ಲಿ ಯಾರೋ ದಾನ ಕೊಟ್ಟ ಆಕ್ಸಿಜನ್ ಮೆಷಿನ್ನೊಂದು ರಾಜ್ಯೋತ್ಸವದ ಬ್ಯಾನರುಗಳ ಅಡಿಯಲ್ಲಿ ಅವನ ಗ್ಯಾರೇಜಿನಲ್ಲಿತ್ತು. ಪದ್ಮಕ್ಕ, ಈಗಲೇ ಹೊರಟೆ, ದಾರಿ ಬಿಟ್ಟರೆ ಒಂದೂಕಾಲು ಗಂಟೆ ಎಂದ. ದಾರಿ ಬಿಡದಿದ್ದರೆ ಎಷ್ಟು ಎಂದು ಅವಳು ಕೇಳಲಿಲ್ಲ.

ಅಷ್ಟರಲ್ಲಿ ಖುರಾನಾ ಜರಿಯಂಚಿನ ಕುರ್ತಾದಲ್ಲೇ ಏದುಸಿರು ಬಿಡುತ್ತ ಮೇಲೆ ಬಂದರು. ಅವರ ಮನೆಯಲ್ಲಿ ದೀಪ ಮಂಕಾಗಿ ಏಸಿ ನಿಂತಿತ್ತು, ಏನೂ ಸುಟ್ಟಿರಲಿಲ್ಲ. ಇಲ್ಲಿಯ ವಾಸನೆ ಮೂಗಿಗೆ ಬಡಿದದ್ದೇ ಅವರ ಮುಖ ಬಿಳಿಚಿತು. ಕಾರಿದೆ, ಈಗಲೇ ಆಸ್ಪತ್ರೆಗೆ ಹೋಗೋಣ ಎಂದವರು ತಾವೇ ಬಾಲ್ಕನಿಗೆ ಹೋಗಿ ಕೆಳಗೆ ನೋಡಿ ಹಾಗೇ ಹಿಂದಕ್ಕೆ ಬಂದರು. ಕಾರು ಅವರದೇ ಟೆಂಟಿನ ಹಿಂದೆ, ದೇವಿಯ ವೇದಿಕೆಯ ಬೆನ್ನಿಗೆ ನಿಂತಿತ್ತು. ಟೆಂಟಿನವನು ಮಾತ್ರ ಕಂಬದಿಂದ ಕೊಕ್ಕೆ ಕಿತ್ತುಕೊಂಡು ಆಗಲೇ ಮಾಯವಾಗಿದ್ದ. ಖುರಾನಾ ಇಳಿದುಹೋಗಿ ಭಜನೆಯವರನ್ನು ಎಬ್ಬಿಸಿದರು. ಗಂಡಸರು ಷರಟಿನ ತೋಳು ಮಡಿಸಿ ಟೆಂಟಿನ ಹಗ್ಗ ಬಿಚ್ಚತೊಡಗಿದರು. ಕಟ್ಟುವುದು ಗೊತ್ತಿಲ್ಲದವರಿಗೆ ಬಿಚ್ಚುವುದು ಇನ್ನೂ ಕಷ್ಟ. ಒಂದು ಕಡೆಯ ಬಟ್ಟೆ ಜಾರಿ ಕೂತವರ ಮೇಲೆ ಬಿತ್ತು.

ಪದ್ಮಾ ಮಂಚದ ಪಕ್ಕ ಕೂತು ಹಳೆಯ ಮದುವೆ ಕಾರ್ಡೊಂದರಿಂದ ಗಂಡನಿಗೆ ಗಾಳಿ ಹಾಕಿದಳು. ಗೋಡೆ ಮುಟ್ಟಿದರೆ ಸುಡುತ್ತಿತ್ತು. ಒಂದು ಕಣ್ಣು ಬೆರಳಿನ ಮೀಟರಿನ ಮೇಲೆ, ಒಂದು ಕಣ್ಣು ಸಿಲಿಂಡರಿನ ಮುಳ್ಳಿನ ಮೇಲೆ. ಎಂಬತ್ತೊಂಬತ್ತು. ತೊಂಬತ್ತು. ಎಂಬತ್ತೊಂಬತ್ತು. ಮುಳ್ಳು ಮಾತ್ರ ಹಿಂದೆ ಬರುವ ಜಾತಿಯದಲ್ಲ.

ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಅವಳ ಮನಸ್ಸು ಜೋಳಿಗೆ ಕೊಡವಿದಂತೆ ಕೊಡವಿ ನೋಡುತ್ತಿತ್ತು. ಟೆಂಟಿನವನಿಗೆ ಇಲ್ಲಿಂದಲೇ ಲೈನ್ ಕೊಟ್ಟಿದ್ದರೆ ಅವನು ಕಂಬಕ್ಕೆ ಹೋಗುತ್ತಿರಲಿಲ್ಲ. ಸಿಲಿಂಡರನ್ನು ಅಂದೇ ತುಂಬಿಸಿದ್ದರೆ. ಐದನೆಯ ಸಲ ನಾಚಿಕೆಬಿಟ್ಟು ಗುಂಡಿ ಕೇಳಿದ್ದರೆ. ಇವೆಲ್ಲ ಬೇರೆಯವರಿಗೆ ಹೇಳಬಹುದಾದ ತಪ್ಪುಗಳು. ಹೇಳಲಾಗದ್ದು ಒಂದಿತ್ತು. ಐದಾರು ಕ್ಷಣ ತಾನು ಕೈ ಮುಗಿದು ನಿಂತಿದ್ದೆ. ಮೂವತ್ತಾರು ವರ್ಷ ಕಾದ ಗಳಿಗೆ ಎದುರಿಗೇ ಬಂದು ಬೆಳಗಿದಾಗ, ಚೀಟಿ ಬರೆದವಳೇ ಕಣ್ಣು ಮುಚ್ಚಿದ್ದಳು.

ಮೂರ್ತಿಯವರು ಮುಖ ತಿರುಗಿಸಿ ಅವಳನ್ನೇ ನೋಡುತ್ತಿದ್ದರು. ಹಾಸಿಗೆಯಿಂದ ತೆರೆದ ಬಾಗಿಲಾಚೆ ದೇವರ ಗೂಡು ನೇರ ಕಾಣುತ್ತದೆ ಎಂದು ಅವಳಿಗೆ ಆಗ ನೆನಪಾಯಿತು. ಮಾತಾಡಬೇಡಿ ಎಂದು ಕೈಸನ್ನೆ ಮಾಡಿದಳು. ಅವರು ಕೇಳಲಿಲ್ಲ.

"ನೋಡಿದೆ," ಎಂದರು. ಒಂದು ಉಸಿರು ತೆಗೆದುಕೊಂಡರು. "ನಾನೂ ಕೈ ಮುಗಿದೆ."

ಕಾರ್ಡು ಹಿಡಿದ ಅವಳ ಕೈ ನಿಂತಿತು. ಗಾಳಿ ನಿಂತದ್ದಕ್ಕೆ ಅವರು ಹುಬ್ಬು ಮೇಲೆತ್ತಿ ಕಾರ್ಡಿನ ಕಡೆ ನೋಡಿದರು, ಕೆಲಸಗಳ್ಳ ಗುಮಾಸ್ತನನ್ನು ನೋಡುತ್ತಿದ್ದ ಅದೇ ನೋಟ. ಅವಳು ಮತ್ತೆ ಬೀಸತೊಡಗಿದಳು.

ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ ಲೈನ್‌ಮನ್ ಬಂದ. ಸತ್ಬೀರ್ ಎಂಬ ಹರಿಯಾಣದ ದಪ್ಪ ಮೀಸೆಯವನು, ಹೆಗಲ ಮೇಲೆ ಏಣಿ. ಖುರಾನಾ ಯಾರ್ಯಾರಿಗೋ ಫೋನ್ ಮಾಡಿ ಕರೆಸಿದ್ದರು. ಕಂಬ ಹತ್ತಿ ಅರ್ಧ ಗಂಟೆ ಕೆಲಸ ಮಾಡಿದ. ಆಮೇಲೆ ಮೇಲೆ ಬಂದು, ಬಾಗಿಲ ಹೊರಗೆ ಬಿದ್ದಿದ್ದ ಸುಟ್ಟ ಪೆಟ್ಟಿಗೆಗಳನ್ನು ನೋಡಿ, ಹೆಣ ನೋಡಿದವನಂತೆ ಟೋಪಿ ತೆಗೆದ.

ಅವನು ಹೇಳಿದ್ದು ಪದ್ಮಾ ಎಂದೂ ಕೇಳದ ಸಂಗತಿ. ಕಂಬದಲ್ಲಿ ಮೂರು ತಂತಿ ಕರೆಂಟು ತರುತ್ತವೆ, ನಾಲ್ಕನೆಯದು ನ್ಯೂಟ್ರಲ್, ಎಲ್ಲ ಮನೆಯ ಕರೆಂಟೂ ಅದರ ಮೂಲಕ ವಾಪಸು ಹೋಗಬೇಕು. ಇಷ್ಟು ಏಸಿಗಳ ಭಾರಕ್ಕೆ ಅದರ ಗಂಟು ಮೊದಲೇ ಕರಗಿತ್ತು, ಕೊಕ್ಕೆಯ ಜಗ್ಗಾಟಕ್ಕೆ ಕಳಚಿಕೊಂಡಿತು. ನ್ಯೂಟ್ರಲ್ ಕಡಿದರೆ ಎರಡುನೂರ ಮೂವತ್ತು ವೋಲ್ಟ್ ಬರುವ ಕಡೆ ನಾಲ್ಕುನೂರರ ತನಕ ನುಗ್ಗುತ್ತದೆ. ಎಲ್ಲ ಮನೆಗೂ ಅಲ್ಲ.

"ಯಾವ ಲೈನಲ್ಲಿ ಕಡಿಮೆ ಎಳೀತಾರೋ ಆ ಲೈನಿಗೆ ಹೆಚ್ಚು ನುಗ್ಗತ್ತೆ ಆಂಟಿಜಿ. ಕೆಳಗಿನವರ ಲೈನಲ್ಲಿ ಏಸಿ ಮೇಲೆ ಏಸಿ. ನಿಮ್ಮ ಲೈನಲ್ಲಿ ಹೆಚ್ಚೇನೂ ಓಡ್ತಾನೇ ಇರಲಿಲ್ಲ."

ಮೆಷಿನ್ನು, ಇನ್ವರ್ಟರು, ಫ್ರಿಜ್ಜು ಬಿಟ್ಟು ಉಳಿದೆಲ್ಲ ಪ್ಲಗ್ಗುಗಳನ್ನು ಅವಳು ಬೆಳಿಗ್ಗೆಯೇ ಕಿತ್ತಿಟ್ಟಿದ್ದಳು. ನಡುವಿನ ಮನೆಗೆ ಬೀಗ. ಎದುರಿನ ಸಾಲಿನವರೂ ಕೆಲಸಕ್ಕೆ ಹೋದವರು. ಪದ್ಮಾ ಸಿಡಿಲಿನ ಡಬ್ಬಿಯ ಮಾತೆತ್ತಿದಳು, ಅರ್ಥಿಂಗಿನ ಮಾತೆತ್ತಿದಳು. ಸತ್ಬೀರ್ ತಲೆಯಾಡಿಸಿ, ಅದು ಬೇರೆ ರೋಗದ ಮದ್ದು ಎಂದ. ಇದಕ್ಕೆ, ವೋಲ್ಟೇಜು ಮಿತಿ ದಾಟಿದ ಕೂಡಲೇ ಮನೆಯ ಲೈನನ್ನೇ ಕಡಿದುಹಾಕುವ ಇನ್ನೊಂದು ಸಣ್ಣ ಡಬ್ಬಿ ಸಿಗುತ್ತದೆ, ಗುಂಡಿ ಗಿಂಡಿ ಬೇಡ, ಅರ್ಧ ಗಂಟೆಯ ಕೆಲಸ. ಅಷ್ಟೇ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲಿನ ವಿಷಯ ತಿಳಿದು ಏನು ಪ್ರಯೋಜನ.

"ಬೇಗ ಆರಿಸಿದ್ದರೆ?" ಎಂದು ಕೇಳಿದಳು. ಕೇಳಬಾರದು ಎಂದುಕೊಂಡಿದ್ದಳು, ಬಾಯಿಗೆ ಬಂದುಬಿಟ್ಟಿತ್ತು.

ಸತ್ಬೀರ್ ಅವಳ ಮುಖ ನೋಡಿದ. ಒಂದು ಕ್ಷಣದಲ್ಲಿ ಹೋಗಬಹುದು, ಹತ್ತು ಕ್ಷಣ ತಡೆಯಲೂಬಹುದು, ಅದು ಸಾಮಾನಿನ ಹಣೆಬರಹ ಎಂದ. ಅದು ಸಮಾಧಾನವೋ, ಸತ್ಯವೋ, ಅವನಿಗೂ ಗೊತ್ತಿದ್ದಂತಿರಲಿಲ್ಲ.

ಸೋಮಶೇಖರ ಬಂದಾಗ ಎರಡಕ್ಕೆ ಹತ್ತು ನಿಮಿಷವಿತ್ತು. ಕಾಳಿಂದಿ ಕುಂಜಿನ ಹತ್ತಿರ ಲಾರಿಯೊಂದು ಅಡ್ಡ ನಿಂತು ದಾರಿ ಬಿಟ್ಟಿರಲಿಲ್ಲ. ಲಾವಣ್ಯಾ ಇನ್ನೂ ದಾರಿಯಲ್ಲೇ ಇದ್ದಳು. ಮೆಷಿನ್ನನ್ನು ಮಗುವಿನ ಹಾಗೆ ಎದೆಗವಚಿಕೊಂಡು ಎರಡು ಮಹಡಿ ಹತ್ತಿ ಬಂದ. ಅದರ ಚಕ್ರಕ್ಕೆ ಹಳದಿ ಕೆಂಪು ಕಾಗದದ ತೋರಣದ ಚೂರೊಂದು ಇನ್ನೂ ಸಿಕ್ಕಿಕೊಂಡಿತ್ತು. ಸಿಲಿಂಡರಿನ ಮುಳ್ಳು ಕೆಂಪು ಪಟ್ಟಿಯ ಒಳಗೆ ಹೋಗಿ ಕಾಲು ಗಂಟೆಯಾಗಿತ್ತು. ಮೀಟರು ಎಂಬತ್ತೆಂಟು. ಮೂರ್ತಿಯವರು ಕಣ್ಣು ಮುಚ್ಚಿ, ಉಸಿರನ್ನು ಎಣಿಸಿ ಖರ್ಚು ಮಾಡುವವರಂತೆ ಮಲಗಿದ್ದರು.

ಸೋಮಶೇಖರ ಮೆಷಿನ್ನಿನ ಪ್ಲಗ್ ಹಿಡಿದು ಗೋಡೆಯ ಕಡೆ ಬಗ್ಗಿದ. ಪದ್ಮಾ ಅವನ ಮಣಿಕಟ್ಟು ಹಿಡಿದು ಪ್ಲಗ್ಗನ್ನು ತನ್ನ ಕೈಗೆ ತೆಗೆದುಕೊಂಡಳು.

"ಸ್ವಲ್ಪ ಇರು."

"ಪದ್ಮಕ್ಕ, ಸಿಲಿಂಡರ್ ಮುಗೀತಿದೆ."

"ಗೊತ್ತು. ಇರು."

ಸತ್ಬೀರನ ಚೀಲದಲ್ಲಿ ಲೈನ್‌ಮನ್ನುಗಳ ಟೆಸ್ಟ್ ಬಲ್ಬು ಇತ್ತು: ಹೋಲ್ಡರಿಗೆ ಹಾಕಿದ ಹಳೆಯ ನೂರು ವ್ಯಾಟಿನ ಬಲ್ಬು, ಎರಡು ತಂತಿ. ಅವಳು ಕೇಳುವ ಮೊದಲೇ ಅವನು ಅದನ್ನು ತೆಗೆದಿದ್ದ. ಅವಳು ಮೈನ್ ಹಾಕಿದಳು. ಅವನು ತಂತಿಗಳನ್ನು ಬಾಗಿಲಾಚೆ ದೇವರ ಗೂಡಿನ ಪಕ್ಕದ ಪಾಯಿಂಟಿಗೆ ಸಿಕ್ಕಿಸಿ ಬಲ್ಬನ್ನು ಗೂಡಿನ ಮೊಳೆಗೆ ತೂಗುಹಾಕಿದ, ಅಲ್ಲಿಗಷ್ಟೇ ತಂತಿ ಎಟುಕಿದ್ದು. ಬಲ್ಬು ಹಳದಿಯಾಗಿ ಹೊತ್ತಿತು. ಮಾಮೂಲಿ ಬಲ್ಬು ಹೇಗೆ ಹೊತ್ತುತ್ತದೋ ಹಾಗೆ. ಎಲ್ಲರೂ ಅದನ್ನೇ ನೋಡುತ್ತ ನಿಂತರು. ಸರಿಯಾದ ಬೆಳಕು ಎಂದರೆ ಎಷ್ಟು ಎಂದು ಪದ್ಮಾಗೆ ಇದ್ದಕ್ಕಿದ್ದಂತೆ ಮರೆತುಹೋಯಿತು. ಐದು ನಿಮಿಷ ಕಾಯಬೇಕು ಎಂದು ಫ್ರಿಜ್ಜು ಕಲಿಸಿತ್ತು. ಕಾಯಲು ಐದು ನಿಮಿಷ ಇರಲಿಲ್ಲ.

ಇದೂ ಹೋದರೆ ಇನ್ನೊಂದಿಲ್ಲ. ಹಾಕದಿದ್ದರೆ ಮೊದಲೇ ಇಲ್ಲ. ಸಿಲಿಂಡರಿನ ಬಾಯಲ್ಲಿ ಗಾಳಿಯ ಸದ್ದು ಸಣ್ಣಗಾಗುತ್ತ ಬಂತು. ಮೀಟರು ಎಂಬತ್ತೇಳು ತೋರಿಸಿತು. ಮೂರ್ತಿಯವರು ಕಣ್ಣು ತೆರೆದು ಅವಳ ಕೈಲಿದ್ದ ಪ್ಲಗ್ಗನ್ನು ನೋಡಿದರು, ಮತ್ತೆ ಅವಳನ್ನು ನೋಡಿದರು, ಸಹಿ ಹಾಕಿ ಮುಗಿಸು ಎನ್ನುವಂತೆ ರೆಪ್ಪೆ ಅಲುಗಿಸಿದರು.

ಪದ್ಮಾ ಪ್ಲಗ್ ಚುಚ್ಚಿ ಸ್ವಿಚ್ ಹಾಕಿದಳು.

ಮೆಷಿನ್ನು ಎರಡು ಸಲ ಬೀಪ್ ಎಂದಿತು. ಒಳಗೆ ಏನೋ ಕೆಮ್ಮಿದಂತಾಗಿ, ಆಮೇಲೆ ಗುಂಯ್ ಎಂದು ಹಿಡಿಯಿತು. ಸೋಮಶೇಖರ ಕೊಳವೆಯನ್ನು ಸಿಲಿಂಡರಿನಿಂದ ಬಿಡಿಸಿ ಮೆಷಿನ್ನಿಗೆ ಸಿಕ್ಕಿಸಿದ. ಎಂಬತ್ತೇಳು ಎಂಬತ್ತೆಂಟಾಗಲು ಎಷ್ಟು ಹೊತ್ತು ಬೇಕಾಯಿತೋ, ಆಮೇಲೆ ತೊಂಬತ್ತಕ್ಕೆ ಬಂತು.

ಸತ್ಬೀರ್ ಏಣಿ ಎತ್ತಿಕೊಂಡ. ಬಲ್ಬು ಇಲ್ಲೇ ಇರಲಿ, ಸಂಜೆ ಬಂದು ಒಯ್ಯುತ್ತೇನೆ, ಆ ಡಬ್ಬಿಯನ್ನೂ ತರುತ್ತೇನೆ ಎಂದ. ಗಂಟು ಗಟ್ಟಿಯಾಗಿದೆಯಾ ಎಂದು ಪದ್ಮಾ ಕೇಳಿದಳು. ನನ್ನ ಕೈಲಾದಷ್ಟು ಗಟ್ಟಿ ಮಾಡಿದ್ದೇನೆ, ಆದರೆ ತಂತಿಯೇ ಹಳೆಯದು ಎಂದು ಅವನು ಇಳಿದುಹೋದ. ಗಲ್ಲಿಯಲ್ಲಿ ಒಂದೊಂದೇ ಏಸಿ ಮತ್ತೆ ಗುರುಗುಟ್ಟತೊಡಗಿದ್ದು ಕೇಳಿಸಿತು. ಪ್ರತಿಯೊಂದಕ್ಕೂ ಅವಳು ಬಲ್ಬಿನ ಕಡೆ ನೋಡಿದಳು.

ಅವಳು ಸ್ವಿಚ್ಚಿನಿಂದ ಕೈ ತೆಗೆದಿರಲಿಲ್ಲ. ಬೋರ್ಡಿನ ಕೆಳಗೆ ನೆಲದ ಮೇಲೆ ಕೂತು, ಬಲಗೈ ಮೇಲೆತ್ತಿ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡೇ ಇದ್ದಳು. ಸೋಮಶೇಖರ, ನಾನು ಕೂತಿರುತ್ತೇನೆ, ನೀವು ಎದ್ದು ನೀರಾದರೂ ಕುಡಿಯಿರಿ ಎಂದ. ಬೇಡ ಎಂದಳು. ಒಂದು ಕ್ಷಣದಲ್ಲಿ ಹೋಗಬಹುದು, ಹತ್ತು ಕ್ಷಣ ತಡೆಯಲೂಬಹುದು. ಹತ್ತರಲ್ಲಿ ಒಂದಾದರೂ ತನ್ನ ಪಾಲಿಗೆ ಇರಲಿ ಎಂದು ಅವಳು ಬಲ್ಬನ್ನು ನೋಡುತ್ತಿದ್ದಳು. ತೋಳು ನೋಯಲು ಶುರುವಾಗಿತ್ತು.

ಖುರಾನಾ ಅವರ ಹೆಂಡತಿ ದೊನ್ನೆಯಲ್ಲಿ ಹಲ್ವಾ, ಪೂರಿ, ಕಡಲೆ ಹಿಡಿದು ಮೆಲ್ಲಗೆ ಒಳಗೆ ಬಂದರು. ಭಜನೆ ಅರ್ಧಕ್ಕೆ ನಿಂತರೂ ನೈವೇದ್ಯ ಆಗಿತ್ತಂತೆ. ಮೊದಲು ಭಾಯಿಸಾಹೇಬರ ತಲೆದಿಂಬಿನ ಪಕ್ಕ ಚೂರು ಇಟ್ಟು, ಆಮೇಲೆ ಪದ್ಮಾಳ ಮುಂದೆ ಬಗ್ಗಿ ದೊನ್ನೆ ಚಾಚಿದರು.

ಪದ್ಮಾ ಒಮ್ಮೆ ತನ್ನ ಬಲಗೈಯ ಕಡೆ ನೋಡಿದಳು. ಬಲ್ಬು ಹಳದಿಯಾಗಿಯೇ ಇತ್ತು. ಬೆರಳು ತೆಗೆಯಲು ಆಗಲಿಲ್ಲ. ಅರವತ್ತು ವರ್ಷದಲ್ಲಿ ಮೊದಲ ಬಾರಿಗೆ, ತಪ್ಪಾಯಿತು ತಾಯಿ ಎಂದು ಕನ್ನಡದಲ್ಲಿ ಹೇಳಿಕೊಂಡು, ಪ್ರಸಾದಕ್ಕೆ ಎಡಗೈ ಒಡ್ಡಿದಳು.